ಸಾಕಿದವನ ಋಣ

ನಗರದ ಫ್ಲ್ಯಾಟುಗಳಲ್ಲಿ ಕೊಟ್ಟಿಗೆಯಿಲ್ಲ, ಅಂಗಳವಿಲ್ಲ. ನಾಯಿ ಸಾಕಿದರೆ ನೆರೆಯವರ ದೂರು, ಬೆಕ್ಕು ಸಾಕಿದರೆ ಮನೆಯವರ ದೂರು. ಹೀಗಾಗಿ ಪ್ರಾಣಿಯೊಂದರ ಸಹವಾಸ ಬಯಸುವವರಿಗೆ ಕೊನೆಗೆ ಉಳಿಯುವುದು ಮೀನು. ಅದು ಬೊಗಳುವುದಿಲ್ಲ, ಪರಚುವುದಿಲ್ಲ, ಊರಿಗೆ ಹೊರಟಾಗ ತಾನೂ ಬರುತ್ತೇನೆಂದು ಹಟ ಹಿಡಿಯುವುದಿಲ್ಲ. ಚೆನ್ನೈಯ ಕೊಳತ್ತೂರಿನಂತಹ ಮೀನುಪೇಟೆಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳೊಳಗೆ ಬಣ್ಣಬಣ್ಣದ ಜೀವಗಳು ಮಾರಾಟಕ್ಕಿರುತ್ತವೆ. ಮಗು ಬೆರಳು ತೋರಿಸುತ್ತದೆ, ತಂದೆ ಜೇಬಿಗೆ ಕೈ ಹಾಕುತ್ತಾನೆ. ಅಲ್ಲಿಗೆ ವ್ಯಾಪಾರ ಮುಗಿಯಿತು.

ಧರ್ಮದ ಪ್ರಶ್ನೆ ಶುರುವಾಗುವುದು ಅಲ್ಲಿಂದ. ಬರಿಯ ಕಣ್ಣಿನ ಸುಖಕ್ಕಾಗಿ ಒಂದು ಜೀವವನ್ನು ನಾಲ್ಕು ಗಾಜಿನ ಗೋಡೆಗಳ ನಡುವೆ ಇಡುವುದು ಸರಿಯೆ? ಮೀನು ತಿನ್ನುವವನು ಹಸಿವೆಯ ಕಾರಣ ಹೇಳಿಯಾನು, ಹಿಡಿಯುವವನು ಹೊಟ್ಟೆಪಾಡಿನ ಕಾರಣ ಹೇಳಿಯಾನು. ತೊಟ್ಟಿಯಲ್ಲಿ ಸಾಕುವವನಿಗೆ ಆ ನೆಪವೂ ಇಲ್ಲ.

ಪ್ರಶ್ನೆ ಗಾಳಿಯಲ್ಲಿ ತೇಲಿಹೋಗದಿರಲೆಂದು ಒಂದೇ ಜಾತಿಯ ಮೀನನ್ನು ಎದುರಿಗಿಟ್ಟುಕೊಳ್ಳೋಣ. ಅಂಗಡಿಯವರು ರೇನ್‌ಬೋ ಎನ್ನುವ ಕಾಮನಬಿಲ್ಲಿನ ಮೀನುಗಳ ತವರು ಆಸ್ಟ್ರೇಲಿಯ ಮತ್ತು ನ್ಯೂಗಿನಿ. ಅವುಗಳಲ್ಲಿ ಬೋಸ್ಮನ್ ರೇನ್‌ಬೋ ಹೆಚ್ಚು ಹೆಸರಾದುದು. ಗಂಡುಮೀನಿನ ಮುಂಭಾಗ ಮಳೆಮೋಡದ ನೀಲಿ, ಹಿಂಭಾಗ ಕಿತ್ತಳೆ. ಬೆಳಗಿನ ಮೊದಲ ಬೆಳಕು ಬಿದ್ದಾಗ ಗಂಡುಗಳು ಹೆಣ್ಣುಗಳೆದುರು ರೆಕ್ಕೆ ಬಿಚ್ಚಿ ಮೆರೆಯುವುದನ್ನು ಕಂಡವರು ಆ ನೋಟವನ್ನು ಬೇಗ ಮರೆಯಲಾರರು. ಇಂಡೊನೇಷ್ಯಾಕ್ಕೆ ಸೇರಿದ ಪಶ್ಚಿಮ ಪಪುವಾದಲ್ಲಿ, ಹಕ್ಕಿಯ ತಲೆಯಂತೆ ಚಾಚಿರುವ ಭೂಭಾಗದ ಅಯಮಾರು ಸರೋವರಗಳ ಸುತ್ತಮುತ್ತ ಇದರ ಮೂಲಸ್ಥಾನ.

ಈ ಮೀನಿಗೆ ವಿಜ್ಞಾನಿಗಳು ನಾಮಕರಣ ಮಾಡಿದ್ದು 1980ರಲ್ಲಿ. ಹೆಸರು ಬಂದಿತು, ಹೆಸರಿನ ಹಿಂದೆಯೇ ಬೇಡಿಕೆ ಬಂದಿತು. ಆ ದಶಕದ ಕೊನೆಯ ಹೊತ್ತಿಗೆ ತಿಂಗಳಿಗೆ ಸುಮಾರು 60,000 ಗಂಡುಮೀನುಗಳನ್ನು ಹಿಡಿದು ಸಾಗಿಸಲಾಗುತ್ತಿತ್ತು ಎಂಬ ಅಂದಾಜಿದೆ. ಗಂಡುಗಳನ್ನೇ ಏಕೆ? ಬಣ್ಣ ಇರುವುದು ಅವಕ್ಕೆ. ತನ್ನ ಸಂಗಾತಿಯನ್ನು ಒಲಿಸಲೆಂದು ಪ್ರಕೃತಿ ಕೊಟ್ಟ ಬಣ್ಣವೇ ಅದಕ್ಕೆ ಮುಳುವಾಯಿತು. ಈಗ ಮಾರುಕಟ್ಟೆಗೆ ಬರುವ ಬೋಸ್ಮನ್ ಮೀನುಗಳಲ್ಲಿ ಹೆಚ್ಚಿನವು ಸಾಕಣೆಯ ಕೊಳಗಳಲ್ಲಿ ಹುಟ್ಟಿದವು. ಆದರೂ ತನ್ನ ತವರಿನಲ್ಲಿ ಅದು ಅಪಾಯದಂಚಿನ ಜೀವಿಗಳ ಪಟ್ಟಿಯಲ್ಲಿದೆ.

ಈ ಮಾತಿಗೆ ಬರುವ ಮೊದಲನೆಯ ಉತ್ತರ, ಮೀನಿಗೆ ಏನು ತಿಳಿದೀತು ಎನ್ನುವುದು. ಅದರ ನೆನಪು ಮೂರೇ ಕ್ಷಣದ್ದು, ತೊಟ್ಟಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಎಲ್ಲ ಮರೆತಿರುತ್ತದೆ ಎಂದು ನಗೆಯಾಡುವವರುಂಟು. ಆಸ್ಟ್ರೇಲಿಯದ ಕಲಂ ಬ್ರೌನ್ ಎಂಬ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗ ರೇನ್‌ಬೋ ಮೀನಿನ ಮೇಲೆಯೇ ನಡೆದದ್ದು. ತೊಟ್ಟಿಯೊಳಗೆ ಒಂದು ಬಲೆಯನ್ನು ಎಳೆಯುತ್ತ ಬರುವುದು, ಅದರಲ್ಲಿ ಪಾರಾಗಲು ಒಂದೇ ಒಂದು ಕಿಂಡಿ. ಐದು ಸಲ ಬಲೆ ಎಳೆಯುವಷ್ಟರಲ್ಲಿ ಮೀನುಗಳು ಕಿಂಡಿಯ ದಾರಿ ಕಲಿತವು. ಸುಮಾರು ಹನ್ನೊಂದು ತಿಂಗಳ ನಂತರ ಮತ್ತೆ ಬಲೆ ಎಳೆದಾಗಲೂ ಅವು ಆ ಪಾಠವನ್ನು ಮರೆತಿರಲಿಲ್ಲ. ಪರೀಕ್ಷೆಗೆ ಓದಿದ್ದನ್ನು ನಮ್ಮಲ್ಲಿ ಎಷ್ಟು ಮಂದಿ ಹನ್ನೊಂದು ತಿಂಗಳು ನೆನಪಿಟ್ಟಿದ್ದೇವೆ? ಬಲೆಯನ್ನೂ ಬಿಡುಗಡೆಯನ್ನೂ ನೆನಪಿಡಬಲ್ಲ ಜೀವಿಯನ್ನು ಗೋಡೆಯ ಮೇಲಿನ ಚಿತ್ರಪಟದಂತೆ ಕಾಣುವುದು ನ್ಯಾಯವಲ್ಲ.

ಎರಡನೆಯ ಉತ್ತರ ಸ್ವಲ್ಪ ಗಟ್ಟಿಯಾದುದು. ಕೆರೆಯಲ್ಲಿ ದೊಡ್ಡ ಮೀನು ಚಿಕ್ಕದನ್ನು ನುಂಗುತ್ತದೆ. ಮತ್ಸ್ಯನ್ಯಾಯವೆಂಬ ಮಾತೇ ಅಲ್ಲಿಂದ ಬಂದದ್ದು. ತೊಟ್ಟಿಯಲ್ಲಿ ಹೊತ್ತುಹೊತ್ತಿಗೆ ಆಹಾರ, ಶತ್ರುವಿನ ಭಯವಿಲ್ಲ. ಇದು ಸುಳ್ಳಲ್ಲ. ಆದರೆ ಈ ರಕ್ಷಣೆಯನ್ನು ಮೀನು ಬೇಡಿರಲಿಲ್ಲ. ಹೊರನಾಡಿನಲ್ಲಿ ನೆಲೆಸಿದ ನಾವು ಬೇಸರದ ಹೊತ್ತಿನಲ್ಲಿ ನಮ್ಮನ್ನು ತೊಟ್ಟಿಯ ಮೀನಿಗೆ ಹೋಲಿಸಿಕೊಳ್ಳುವುದುಂಟು. ಆ ಹೋಲಿಕೆ ಅರ್ಧ ಮಾತ್ರ ಸರಿ. ನಾವು ನೌಕರಿಯ ಕಾಗದ ಹಿಡಿದು ರೈಲು ಹತ್ತಿದವರು. ಸಾಕೆನಿಸಿದ ದಿನ ಹಿಂದಿರುಗಲು ದಾರಿಯೂ ಇದೆ. ಮೀನಿಗೆ ಇವೆರಡೂ ಇಲ್ಲ.

ಬೇಡಿಕೊಂಡು ಬಂದ ಮೀನಿನ ಕಥೆ ನಮ್ಮ ಪರಂಪರೆಯಲ್ಲಿ ಒಂದಿದೆ. ಶತಪಥ ಬ್ರಾಹ್ಮಣದಲ್ಲಿ ಬರುವ ಮನುವಿನ ಕಥೆ ಅದು. ಕೈತೊಳೆಯುವ ನೀರಿನಲ್ಲಿ ಬಂದ ಪುಟ್ಟ ಮೀನು ತನ್ನನ್ನು ಸಾಕೆಂದು ಕೇಳುತ್ತದೆ, ಪ್ರತಿಯಾಗಿ ಪ್ರಳಯದಿಂದ ಕಾಯುವೆನೆಂದು ಮಾತು ಕೊಡುತ್ತದೆ. ಮನು ಅದನ್ನು ಕುಂಭದಲ್ಲಿ ಇಡುತ್ತಾನೆ. ಕುಂಭ ಸಾಲದಾದಾಗ ಹೊಂಡ ತೋಡುತ್ತಾನೆ. ಹೊಂಡವೂ ಸಾಲದಾದಾಗ ಕಡಲಿಗೆ ಒಯ್ಯುತ್ತಾನೆ. ಕಥೆಯ ಪ್ರಳಯದ ಭಾಗವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಸಾಕುವವನಿಗೆ ಬೇಕಾದ ಪಾಠವಿರುವುದು ಅದಕ್ಕೆ ಮುಂಚಿನ ಭಾಗದಲ್ಲಿ. ಮೀನು ಬೆಳೆದಂತೆ ಪಾತ್ರೆ ಬೆಳೆಯಬೇಕು. ಪಾತ್ರೆಯ ಅಳತೆಗೆ ಮೀನು ಕುಗ್ಗಬೇಕೆಂದು ಮನು ಹೇಳಲಿಲ್ಲ.

ಈ ಅಳತೆಗೋಲಿನಿಂದ ನಮ್ಮ ಮನೆಯ ತೊಟ್ಟಿಯನ್ನು ನೋಡೋಣ. ಅಂಗಡಿಯಲ್ಲಿ ಸಿಗುವ ರೇನ್‌ಬೋ ಮರಿ ಒಂದೆರಡು ಅಂಗುಲದ್ದು, ಬೂದುಬಣ್ಣದ್ದು. ಅದು ಪೂರ್ಣ ಬಣ್ಣ ತಳೆಯಲು ವರ್ಷದವರೆಗೂ ಕಾಯಬೇಕಾದೀತು. ಬೆಳೆದ ಬೋಸ್ಮನ್ ನಾಲ್ಕು ಅಂಗುಲದ, ವೇಗವಾಗಿ ಈಜುವ ಮೀನು. ಅದು ಗುಂಪಿನ ಜೀವಿ. ಒಂಟಿಯಾಗಿಟ್ಟರೆ ಅಂಜುತ್ತದೆ, ಬಣ್ಣಗೆಡುತ್ತದೆ. ಗಂಡು ಹೆಣ್ಣು ಸೇರಿ ಆರಾದರೂ ಇರಬೇಕು. ಅವಕ್ಕೆ ನಾಲ್ಕಡಿ ಉದ್ದದ, ಇನ್ನೂರು ಲೀಟರಿನ ತೊಟ್ಟಿ ಬೇಕು. ನೆಗೆಯುವ ಚಾಳಿಯಿರುವುದರಿಂದ ಮೇಲೆ ಮುಚ್ಚಳ ಬೇಕು. ಮೀನು ತನ್ನ ನೀರಿನಲ್ಲಿಯೇ ವಿಸರ್ಜಿಸುತ್ತದೆ. ಆ ಅಮೋನಿಯಾ ವಿಷವನ್ನು ಕಡಿಮೆ ಅಪಾಯದ ವಸ್ತುವಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ಕೆಲವು ವಾರಗಳೇ ಹಿಡಿಯುತ್ತವೆ. ಆಮೇಲೂ ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರು ಬದಲಿಸಬೇಕು, ನಲ್ಲಿನೀರಿನ ಕ್ಲೋರಿನ್ ತೆಗೆದು ಹಾಕಬೇಕು. ಹೀಗೆ ಐದಾರು ವರ್ಷ. ಬೇಸಗೆಯಲ್ಲಿ ಟ್ಯಾಂಕರಿಗಾಗಿ ಕಾಯುವ ಕಟ್ಟಡದಲ್ಲಿ ಐವತ್ತು ಲೀಟರಿನ ಲೆಕ್ಕ ಚಿಕ್ಕದಲ್ಲ. ಮೇಜಿನ ಮೇಲಿನ ಗುಂಡು ಬೋಗುಣಿಯಲ್ಲಿ ಒಂದು ಮೀನನ್ನು ತಿರುಗಿಸುತ್ತ ಪ್ರಾಣಿಪ್ರೀತಿಯ ಮಾತಾಡುವುದು ಎಷ್ಟು ಸುಲಭ, ಎಷ್ಟು ಪೊಳ್ಳು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಸಾಕಲಾಗದಿದ್ದರೆ ಕೆರೆಗೆ ಬಿಟ್ಟರಾಯಿತು, ಪುಣ್ಯವಾದರೂ ಬಂದೀತು ಎನ್ನುವವರಿದ್ದಾರೆ. ಮನುವಿಗೆ ತೆರೆದಿದ್ದ ಈ ದಾರಿ ನಮಗೆ ಮುಚ್ಚಿದೆ. ಮನುವಿನ ಮೀನು ತನ್ನ ಕಡಲಿಗೆ ಹೋಯಿತು. ನಾವು ಬಿಡುವುದು ಪರರ ಕೆರೆಗೆ. ಪಾಚಿ ತಿನ್ನಲೆಂದು ತೊಟ್ಟಿಗೆ ತರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ನಮ್ಮ ಕೆರೆಗಳನ್ನು ಸೇರಿ ಬಲೆಗಳನ್ನು ಹರಿಯುತ್ತ, ಊರಿನ ಮೀನುಗಳ ಪಾಲನ್ನು ಕಸಿಯುತ್ತ ಬೆಳೆದಿದೆ. ನ್ಯೂಗಿನಿಯ ಲೇ ಪಟ್ಟಣದ ಸಮೀಪದ ವಾನಮ್ ಸರೋವರದಲ್ಲಿ ಮಾತ್ರ ಇದ್ದ ಪಚ್ಚೆಬಣ್ಣದ ರೇನ್‌ಬೋ ಜಾತಿಗೆ ಕುತ್ತು ಬಂದದ್ದು ಹೊರಗಿನಿಂದ ತಂದು ಬಿಟ್ಟ ತಿಲಾಪಿಯಾದಂತಹ ಮೀನುಗಳಿಂದ. ಒಂದು ಜೀವಕ್ಕೆ ತೋರಿದ ದಯೆ ನೂರು ಜೀವಗಳಿಗೆ ಅನ್ನವಿಲ್ಲದಂತೆ ಮಾಡಿದರೆ ಅದನ್ನು ದಯೆಯೆನ್ನಲು ಬಾರದು.

ಇಷ್ಟು ಹೇಳಿದ ಮೇಲೆ ಎದುರುಪಕ್ಷದ ಪ್ರಬಲ ಸಾಕ್ಷ್ಯವನ್ನೂ ಮುಂದಿಡಬೇಕು. ಆ ವಾನಮ್ ಮೀನಿನ ಸಂತತಿಯನ್ನು ಇಂದಿಗೂ ಕಾದಿಟ್ಟವರು ದೂರದೇಶಗಳ ತೊಟ್ಟಿಗಳ ಹವ್ಯಾಸಿಗಳು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ರನ್ನಿಂಗ್ ರಿವರ್ ಎಂಬ ಹೊಳೆಯ ರೇನ್‌ಬೋಗೆ ಹೊರಗಿನ ಇನ್ನೊಂದು ರೇನ್‌ಬೋ ಬಂದು ಬೆರೆಯುತ್ತಿದೆ ಎಂದು 2015ರ ಸುಮಾರಿಗೆ ತಿಳಿದಾಗ, ವಿಜ್ಞಾನಿಗಳೂ ಹವ್ಯಾಸಿಗಳೂ ಕೈಜೋಡಿಸಿದರು. ಬೆರಕೆಯಾಗದ ಮೀನುಗಳನ್ನು ಹಿಡಿದು, ಕ್ಯಾನ್‌ಬೆರಾ ವಿಶ್ವವಿದ್ಯಾಲಯದಲ್ಲಿ ಮರಿಮಾಡಿಸಿ, ಹತ್ತಿರದ ತೊರೆಗಳಲ್ಲಿ ಅವಕ್ಕೆ ಹೊಸ ನೆಲೆ ಕಲ್ಪಿಸಿದರು. ಇಲ್ಲಿ ತೊಟ್ಟಿ ಸೆರೆಮನೆಯಾಗಲಿಲ್ಲ, ಮನುವಿನ ಕುಂಭವಾಯಿತು. ಆದರೆ ನಮ್ಮ ದಿವಾನಖಾನೆಯ ತೊಟ್ಟಿಗೂ ಈ ಗೌರವ ತಾನಾಗಿ ಸಲ್ಲುವುದಿಲ್ಲ. ರೇನ್‌ಬೋಗಳು ಒಂದರೊಡನೊಂದು ಸುಲಭವಾಗಿ ಬೆರೆಯುತ್ತವೆ. ಎರಡು ಮೂರು ಬಗೆಯವನ್ನು ಒಟ್ಟಿಗೆ ಬಿಟ್ಟು, ಹುಟ್ಟಿದ ಮರಿಗಳನ್ನು ಹಂಚುವವನು ಜಾತಿಯನ್ನು ಉಳಿಸುವವನಲ್ಲ, ಸದ್ದಿಲ್ಲದೆ ಅಳಿಸುವವನು. ಮೀನನ್ನು ಅದು ಇರುವಂತೆಯೇ ಕಾಪಾಡುವ ತಾಳ್ಮೆ ಇದ್ದವನಿಗೆ ಮಾತ್ರ ಸಂರಕ್ಷಣೆಯ ಮಾತು ಒಪ್ಪುತ್ತದೆ.

ಮೀನನ್ನು ಮನೆಗೆ ತಾರದೆಯೂ ಪ್ರೀತಿಸಬಹುದೆಂಬುದಕ್ಕೆ ನಮ್ಮ ನಾಡೇ ಸಾಕ್ಷಿ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ಗುಂಪುಗೂಡುವ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಮಕ್ಕಳು ಮಂಡಕ್ಕಿ ಎಸೆಯುತ್ತಾರೆ. ಮೀನು ಬಂದರೆ ಬಂದಿತು, ಇಲ್ಲವಾದರೆ ಇಲ್ಲ. ಆ ಸ್ವಾತಂತ್ರ್ಯ ಇರುವುದರಿಂದಲೇ ಅದು ಹತ್ತಿರ ಬಂದಾಗ ಸಂತೋಷ. ಅದೇ ಪಶ್ಚಿಮಘಟ್ಟದ ಹೊಳೆಗಳ ಇನ್ನೊಂದು ಮೀನಿನ ಪಾಡು ಬೇರೆ. ಮೈಮೇಲೆ ಕೆಂಪು ಗೆರೆಯಿರುವ, ವ್ಯಾಪಾರದಲ್ಲಿ ಮಿಸ್ ಕೇರಳ ಎನಿಸಿಕೊಳ್ಳುವ ಮೀನನ್ನು ಪರದೇಶದ ತೊಟ್ಟಿಗಳಿಗಾಗಿ ಎಷ್ಟು ಹಿಡಿದರೆಂದರೆ ಅದೂ ಅಪಾಯದ ಪಟ್ಟಿ ಸೇರಿತು. ಅಯಮಾರು ದೂರದ ಹೆಸರು. ಆದರೆ ಅಲ್ಲಿ ನಡೆದದ್ದು ನಮ್ಮ ಮನೆಬಾಗಿಲಲ್ಲಿಯೂ ನಡೆದಿದೆ.

ಹಾಗಾದರೆ ಮೀನು ಸಾಕಬಾರದೆ? ಸಾಕಲೇಬಾರದೆಂದು ಹೇಳುವ ಧೈರ್ಯ ನನಗಿಲ್ಲ. ಊರ ಕೆರೆಯನ್ನು ಕಾಣದ ನಗರದ ಮಗುವಿಗೆ ನೀರಿನೊಳಗಣ ಬದುಕು ಪರಿಚಯವಾಗುವುದು ಬಹುಶಃ ಆ ಗಾಜಿನ ಮೂಲಕವೇ. ಆದರೆ ಸಾಕುವುದನ್ನು ಹಕ್ಕೆಂದು ಎಣಿಸದೆ ಋಣವೆಂದು ಎಣಿಸಬೇಕು. ಹಣ ಕೊಟ್ಟ ದಿನ ಆ ಋಣ ತೀರುವುದಿಲ್ಲ, ಅಂದು ಅದು ಹುಟ್ಟುತ್ತದೆ. ಈ ಮೀನು ಎಲ್ಲಿ ಹುಟ್ಟಿತು, ಎಷ್ಟು ಬೆಳೆಯುತ್ತದೆ, ಎಷ್ಟು ವರ್ಷ ಬಾಳುತ್ತದೆ, ನಾವು ತಿಂಗಳ ರಜೆಗೆ ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಅಂಗಡಿಯ ಎದುರು ನಿಂತು ಕೇಳಿಕೊಳ್ಳಬೇಕು. ಉತ್ತರ ಇದ್ದವರು ತರಲಿ, ಬೆಳಗಿನ ಬೆಳಕಿನಲ್ಲಿ ಆ ಬಣ್ಣಗಳನ್ನು ಕಂಡು ಸಂತೋಷಪಡಲಿ. ಉತ್ತರ ಇಲ್ಲದವರು ಒಂದು ಭಾನುವಾರ ಮಕ್ಕಳನ್ನು ಹತ್ತಿರದ ಕೆರೆಯ ದಂಡೆಗೆ ಕರೆದೊಯ್ಯಲಿ. ಅಲ್ಲಿ ಮೀನು ಕಾಣಿಸುವುದು ಕ್ಷಣಮಾತ್ರ. ಆದರೆ ಆ ಕ್ಷಣಕ್ಕೆ ನಾವು ಯಾರಿಗೂ ಋಣಿಗಳಲ್ಲ.