ಪೆಡ್ಡರ್ ಸರೋವರಕ್ಕೆ ಬಿದ್ದ ಮತಗಳು

ಎಲ್ಲವೂ ಒಂದು ದಿನ ಅಳಿಯುವುದೇ ಎಂಬ ಮಾತನ್ನು ಎರಡು ಬಗೆಯ ಜನ ಆಡುತ್ತಾರೆ. ಕಳೆದುಕೊಂಡವರು ತಮ್ಮ ಸಮಾಧಾನಕ್ಕೆ ಆಡುತ್ತಾರೆ. ಕಸಿದುಕೊಳ್ಳುವವರು ಎದುರಿಗಿದ್ದವರ ಬಾಯಿ ಮುಚ್ಚಿಸಲು ಆಡುತ್ತಾರೆ. ಕಾಡು ಕಡಿಯುವಾಗ, ಹೊಳೆಗೆ ಕಟ್ಟೆ ಕಟ್ಟುವಾಗ, ಊರಿಗೆ ಊರನ್ನೇ ಎಬ್ಬಿಸುವಾಗ ಈ ಎರಡನೆಯ ವೇದಾಂತ ನಮ್ಮ ಕಿವಿಗೆ ಬೀಳುತ್ತಲೇ ಇರುತ್ತದೆ. ಯಾವುದು ಶಾಶ್ವತ ಹೇಳಿ, ಹಳೆಯದು ಹೋಗಬೇಕು, ಹೊಸದು ಬರಬೇಕು, ಜಗದ ನಿಯಮವೇ ಅದಲ್ಲವೇ? ಹೌದು, ನಿಯಮವೇ. ಆದರೆ ಸಾವಿನ ಮನೆಯಲ್ಲಿ ಹೇಳಬೇಕಾದ ಮಾತನ್ನು ಕೊಲೆ ನಡೆಯುವ ಜಾಗದಲ್ಲಿ ನಿಂತು ಹೇಳಬಹುದೇ? ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಟಾಸ್ಮೇನಿಯಾದ ಒಂದು ಸರೋವರ ನೆನಪಾಗುತ್ತದೆ. ಅದರ ಹೆಸರಿನಲ್ಲಿ ಹುಟ್ಟಿ, ವಿಧಾನಸಭೆಯಲ್ಲಿ ಒಂದು ಕುರ್ಚಿಯನ್ನೂ ಕಾಣದೆ ಹೋದ ಪುಟ್ಟ ಪಕ್ಷವೊಂದು ನೆನಪಾಗುತ್ತದೆ.

ಆಸ್ಟ್ರೇಲಿಯದ ಕೆಳಗಿರುವ ಆ ದ್ವೀಪದ ನೈಋತ್ಯದಲ್ಲಿ, ಜನವಸತಿಯಿಂದ ಬಹುದೂರ, ಬೆಟ್ಟಸಾಲುಗಳ ನಡುವೆ ಪೆಡ್ಡರ್ ಇತ್ತು. ಹಿಮಯುಗದ ನೀರ್ಗಲ್ಲುಗಳು ಕರಗಿ ಹಿಂದೆ ಸರಿಯುವಾಗ ಬಿಟ್ಟುಹೋದ ಮರಳು ಮಣ್ಣಿನ ಮಡಿಲಲ್ಲಿ ನಿಂತ ನೀರು. ಸುಮಾರು ಹತ್ತು ಚದರ ಕಿಲೋಮೀಟರ್ ಹರವು, ಅಷ್ಟೇ. ಜವುಗುನೆಲದ ಸಾರ ಇಳಿದಿಳಿದು ನೀರಿಗೆ ಕಷಾಯದ ಬಣ್ಣ. ಪೂರ್ವದ ದಡದಲ್ಲಿ ಕ್ವಾರ್ಟ್ಜೈಟ್ ಕಲ್ಲು ಸವೆದು ಆದ ನಸುಗೆಂಪು ಮರಳು ಮೂರು ಕಿಲೋಮೀಟರ್ ಉದ್ದಕ್ಕೆ ಹಾಸಿಕೊಂಡಿತ್ತು. ಬೇಸಿಗೆಯ ಕೊನೆಗೆ ನೀರು ಇಳಿದಾಗ ಆ ಮರಳು ಎಷ್ಟು ಅಗಲವೂ ಗಟ್ಟಿಯೂ ಆಗುತ್ತಿತ್ತೆಂದರೆ ಚಿಕ್ಕ ವಿಮಾನಗಳು ಅದರ ಮೇಲೆಯೇ ಇಳಿಯುತ್ತಿದ್ದವು. 1955ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. 1967ರಲ್ಲಿ ಅದೇ ಸರ್ಕಾರಿ ಲೇಖನಿ ಆ ರಕ್ಷಣೆಯನ್ನು ಹೊಡೆದುಹಾಕಿತು. ಹಿಮಯುಗದಿಂದ ಬಾಳಿಬಂದ ನೀರಿಗೆ ಕಾನೂನು ಕೊಟ್ಟ ಅಭಯದ ಆಯುಸ್ಸು ಹನ್ನೆರಡು ವರ್ಷ.

ಕಾರಣ ವಿದ್ಯುತ್ತು. ಹೈಡ್ರೊ-ಎಲೆಕ್ಟ್ರಿಕ್ ಕಮಿಷನ್ ಆ ದ್ವೀಪದಲ್ಲಿ ಸರ್ಕಾರದೊಳಗಿನ ಇನ್ನೊಂದು ಸರ್ಕಾರದಂತಿತ್ತು. ಮೂರು ಅಣೆಕಟ್ಟು ಕಟ್ಟಿ, ಸರೋವರವನ್ನು 240 ಚದರ ಕಿಲೋಮೀಟರಿಗೂ ಮಿಕ್ಕ ಜಲಾಶಯದ ತಳಕ್ಕೆ ಹಾಕಿ, ಆ ನೀರನ್ನು ಕಾಲುವೆಯ ಮೂಲಕ ಗಾರ್ಡನ್ ವಿದ್ಯುದಾಗಾರಕ್ಕೆ ಒಯ್ಯುವುದು ಅದರ ಯೋಜನೆ. ಪ್ರೀಮಿಯರ್ ಎರಿಕ್ ರೀಸ್ ಅವರಿಗೆ ಜನ ‘ಎಲೆಕ್ಟ್ರಿಕ್ ಎರಿಕ್’ ಎಂದೇ ಹೆಸರಿಟ್ಟಿದ್ದರು. ಅವರನ್ನು ಖಳನಾಯಕನಾಗಿ ನೋಡಲು ನನಗೆ ಮನಸ್ಸಿಲ್ಲ. ಕೆಲಸವಿಲ್ಲದ ಕಾಲವನ್ನು ಕಂಡ ಪೀಳಿಗೆಗೆ ಅಗ್ಗದ ಕರೆಂಟು ಎಂದರೆ ಕಾರ್ಖಾನೆ, ಕಾರ್ಖಾನೆ ಎಂದರೆ ಸಂಬಳ, ಸಂಬಳ ಎಂದರೆ ಮನೆಯ ಒಲೆ ಆರದಿರುವುದು. ತೊಂದರೆ ಇದ್ದದ್ದು ಬೇರೆ ಕಡೆ. ಆಳುವ ಪಕ್ಷವೂ ವಿರೋಧ ಪಕ್ಷವೂ ಈ ವಿಷಯದಲ್ಲಿ ಒಂದೇ ಆಗಿದ್ದವು. ಸರೋವರ ಉಳಿಯಲಿ ಎನ್ನುವ ಮತದಾರನಿಗೆ ತನ್ನ ಮತ ಹಾಕಲು ಜಾಗವೇ ಇರಲಿಲ್ಲ. ಯಾರ ಕೈಯಿಂದ ಮುಳುಗಿಸಬೇಕು ಎಂಬುದನ್ನಷ್ಟೇ ಅವನು ಆರಿಸಬಹುದಿತ್ತು.

ಆ ಜಾಗವನ್ನು ಮಾಡಿಕೊಡಲು 1972ರ ಮಾರ್ಚ್ 23ರಂದು ಹೋಬಾರ್ಟ್ ನಗರದ ಟೌನ್ ಹಾಲಿನಲ್ಲಿ ಜನ ಸೇರಿದರು. ಯುನೈಟೆಡ್ ಟಾಸ್ಮೇನಿಯಾ ಗ್ರೂಪ್ ಹುಟ್ಟಿದ್ದು ಅಲ್ಲಿ. ಸಸ್ಯ ಪರಿಸರದ ವಿಜ್ಞಾನಿ ರಿಚರ್ಡ್ ಜೋನ್ಸ್ ಅದರ ಮುಂದಾಳು. ಜಗತ್ತಿನ ಮೊದಲ ಹಸಿರು ಪಕ್ಷವೆಂದು ಈಗ ಅದನ್ನು ಕರೆಯುತ್ತಾರೆ. ಆ ದಿನ ಅಲ್ಲಿ ಕೂತವರಿಗೆ ಚರಿತ್ರೆಯ ಗೊಡವೆ ಇದ್ದಿರಲಾರದು, ಏಕೆಂದರೆ ಚುನಾವಣೆಗೆ ಉಳಿದಿದ್ದದ್ದು ಸರಿಯಾಗಿ ಮೂವತ್ತು ದಿನ. ಅಷ್ಟು ಹೊತ್ತಿಗೆ ಅಣೆಕಟ್ಟಿನ ಕೆಲಸ ಕೈಮೀರಿ ಮುಂದುವರಿದಿತ್ತು.

ಏಪ್ರಿಲ್ 22ರಂದು ಮತದಾನವಾಯಿತು. ಲೇಬರ್ ಪಕ್ಷಕ್ಕೆ 21, ಲಿಬರಲ್ ಪಕ್ಷಕ್ಕೆ 14, ಒಟ್ಟು 35. ಹೊಸ ಪಕ್ಷಕ್ಕೆ ರಾಜ್ಯದಾದ್ಯಂತ ಶೇಕಡಾ 3.9ರಷ್ಟು ಮತ, ಸ್ಥಾನ ಸೊನ್ನೆ. ಅಲ್ಲಿನ ಪದ್ಧತಿಯಲ್ಲಿ ಒಂದು ಕ್ಷೇತ್ರದಿಂದ ಏಳು ಮಂದಿ ಗೆಲ್ಲುತ್ತಿದ್ದರು. ಒಂದು ಸ್ಥಾನಕ್ಕೆ ಆ ಕ್ಷೇತ್ರದ ಮತಗಳಲ್ಲಿ ಎಂಟನೆಯ ಒಂದು ಪಾಲು ಬೇಕು. ಕ್ಷೇತ್ರಕ್ಕೆ ಒಬ್ಬರೇ ಗೆಲ್ಲುವ ಪದ್ಧತಿಗೆ ಹೋಲಿಸಿದರೆ ಸಣ್ಣವರಿಗೆ ಇದು ಉದಾರವಾದ ಲೆಕ್ಕ. ಆದರೂ ಗೆರೆ ದಾಟಲಾಗಲಿಲ್ಲ.

ಈ 3.9ರ ಎದುರು ನಾನು ಬಹಳ ಹೊತ್ತು ನಿಂತಿದ್ದೇನೆ. ಮತಕ್ಕಿಂತ ಅಲ್ಪಾಯುವಾದ ವಸ್ತು ಇನ್ನಾವುದಿದೆ? ಒಂದು ದಿನ ಬೆಳಿಗ್ಗೆ ಅದಕ್ಕೆ ಜೀವ ಬರುತ್ತದೆ, ರಾತ್ರಿ ಎಣಿಕೆಯಾಗುವ ಹೊತ್ತಿಗೆ ಅದರ ಬದುಕು ಮುಗಿದಿರುತ್ತದೆ. ಅಂಥ ಕ್ಷಣಿಕವಾದದ್ದನ್ನು ಕೂಡಿಸಿ ಸಾವಿರಾರು ವರ್ಷ ಬಾಳಿದ್ದರ ಹಣೆಬರಹ ಬರೆಯುತ್ತೇವೆ. ಇದು ಪ್ರಜಾಪ್ರಭುತ್ವದ ದೋಷವೆಂದು ಹೇಳುತ್ತಿಲ್ಲ. ಬೇರೆ ದಾರಿ ನನಗೂ ಕಾಣದು, ರಾಜರು ಮುಳುಗಿಸಿದ್ದೇನು ಕಡಿಮೆಯೇ? ಆದರೆ ಎಣಿಕೆ ನಡೆಯುವುದು ಈಗ ಉಸಿರಾಡುತ್ತಿರುವವರ ನಡುವೆ ಮಾತ್ರ ಎಂಬುದನ್ನು ಮರೆಯಬಾರದು. ಮರಳಿಗೆ ಮತವಿಲ್ಲ, ಮೀನಿಗೆ ಮತವಿಲ್ಲ, ಮುಂದಿನ ಶತಮಾನದಲ್ಲಿ ಹುಟ್ಟುವ ಮಗುವಿಗೂ ಇಲ್ಲ. ಪರಿಸರದ ಪಕ್ಷ ಮಾಡುವ ವಿಚಿತ್ರ ಬೇಡಿಕೆ ಇದು: ನಿನ್ನ ಮತವನ್ನು ನಿನಗಾಗಿ ಹಾಕಿಕೊಳ್ಳಬೇಡ, ಮತಗಟ್ಟೆಗೆ ಬರಲಾಗದವರಿಗೆ ಕೊಡು. ನೂರರಲ್ಲಿ ನಾಲ್ಕು ಮಂದಿ ಹಾಗೆ ಕೊಟ್ಟರು. ಒಂದು ಸರೋವರದ ಪರವಾಗಿ ಜನ ಹಾಕಿದ ಸಹಿ ರಾಜ್ಯದ ದಫ್ತರದಲ್ಲಿ ಅಂಕಿಯಾಗಿ ದಾಖಲಾಯಿತು. ಯಾರೂ ಬೇಡವೆನ್ನಲಿಲ್ಲ ಎಂದು ಮುಳುಗಿಸಿದವರು ಇನ್ನು ಎಂದೂ ಹೇಳುವಂತಿಲ್ಲ.

ಸರೋವರವೇನು ಚಿರಂಜೀವಿಯಾಗಿತ್ತೇ? ಇಲ್ಲ. ಹಿಮ ಬಿಟ್ಟುಹೋದ ಆ ನೀರು ಹೂಳು ತುಂಬಿಯೋ ದಾರಿ ಬದಲಿಸಿಯೋ ತನ್ನ ಕಾಲಕ್ಕೆ ಹೋಗಿಯೇ ತೀರುತ್ತಿತ್ತು. ವಿಜ್ಞಾನಿಯಾದ ಜೋನ್ಸ್ ಅವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅವರ ಪಕ್ಷ ಕೇಳಿದ್ದು ಅಮರತ್ವವನ್ನಲ್ಲ, ಆಯುಸ್ಸನ್ನು. ಹಣ್ಣೆಲೆ ಉದುರುತ್ತದೆ ಎಂಬುದು ಚಿಗುರನ್ನು ಚಿವುಟಲು ಅಪ್ಪಣೆಯಲ್ಲ. ಅನಿತ್ಯದ ಅರಿವು ಬುದ್ಧನಲ್ಲಿ ಕರುಣೆಯಾಗಿ ತಿರುಗಿತು. ಹೇಗಿದ್ದರೂ ಹೋಗುವ ಜೀವವಲ್ಲವೇ ಎಂಬ ಉಡಾಫೆಯಾಗಿ ಅಲ್ಲ. ಹೋಗುವಂಥದ್ದು ಎಂದು ತಿಳಿದ ಮೇಲೆ ಕೈ ಇನ್ನಷ್ಟು ಮೃದುವಾಗಬೇಕು.

ಆ ಹೋರಾಟದಲ್ಲಿ ಹೋದವರನ್ನೂ ಇಲ್ಲಿ ನೆನೆಯಬೇಕು. ಲಿಥುವೇನಿಯಾದಿಂದ ಬಂದು ನೆಲೆಸಿದ ಒಲೆಗಾಸ್ ಟ್ರುಚಾನಸ್ ಹೈಡ್ರೊ ಕಮಿಷನ್ನಿನಲ್ಲೇ ನೌಕರ. ನೈಋತ್ಯದ ಕಾಡುಗಳಲ್ಲಿ ವರ್ಷಗಟ್ಟಲೆ ಅಲೆದು ತೆಗೆದ ಅವರ ಚಿತ್ರಗಳು 1967ರ ಕಾಡ್ಗಿಚ್ಚಿನಲ್ಲಿ ಮನೆಯೊಂದಿಗೆ ಸುಟ್ಟುಹೋದವು. ಅವರು ಮತ್ತೆ ಕ್ಯಾಮೆರಾ ಹೆಗಲಿಗೇರಿಸಿ ಪೆಡ್ಡರಿಗೆ ಹೋದರು. ಮುಳುಗಲಿರುವುದು ಹೇಗಿದೆ ನೋಡಿ ಎಂದು ತಾವು ತೆಗೆದ ಸ್ಲೈಡುಗಳನ್ನು ಊರಿನವರಿಗೆ ತೋರಿಸಿದರು. 1972ರ ಜನವರಿಯಲ್ಲಿ, ಗಾರ್ಡನ್ ನದಿಯ ಚಿತ್ರ ತೆಗೆಯಲು ಹೋದಾಗ, ಆ ನದಿಯೇ ಅವರನ್ನು ಸೆಳೆದುಕೊಂಡಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬ್ರೆಂಡಾ ಹೀನ್ ಎಂಬ ಹೋರಾಟಗಾರ್ತಿ, ವಿಮಾನ ಚಾಲಕ ಮ್ಯಾಕ್ಸ್ ಪ್ರೈಸ್ ಜೊತೆ ಹಳೆಯ ಟೈಗರ್ ಮಾತ್ ವಿಮಾನದಲ್ಲಿ ಕ್ಯಾನ್‌ಬೆರಾಕ್ಕೆ ಹೊರಟರು. ರಾಜಧಾನಿಯ ಆಕಾಶದಲ್ಲಿ ಹೊಗೆಯಿಂದ ಅಕ್ಷರ ಬರೆದು ದೊರೆಗಳ ಗಮನ ಸೆಳೆಯುವುದು ಅವರ ಉದ್ದೇಶ. ವಿಮಾನ ತಲುಪಲಿಲ್ಲ. ಇಂದಿಗೂ ಇಬ್ಬರ ಸುಳಿವಿಲ್ಲ. ಗಾಳಿ ಅರೆಗಳಿಗೆಯಲ್ಲಿ ಅಳಿಸಿಬಿಡುವ ಅಕ್ಷರವನ್ನು ಬರೆಯಲು ಜೀವ ಪಣಕ್ಕಿಟ್ಟವರು ಅವರು.

1973ರಲ್ಲಿ ಪ್ರಧಾನಿ ವಿಟ್ಲಂ ಅವರ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, ಸದ್ಯಕ್ಕೆ ನಿಲ್ಲಿಸಿ, ಪರ್ಯಾಯ ಯೋಚಿಸಿ ಎಂದಿತು. ಖರ್ಚು ಕೊಡಲು ಕೇಂದ್ರ ಸಿದ್ಧವಿತ್ತು. ರೀಸ್ ಒಪ್ಪಲಿಲ್ಲ. ನೀರು ಏರಿತು.

ಪಕ್ಷ ಮತ್ತೆ ಕೆಲವು ಚುನಾವಣೆಗಳಿಗೆ ನಿಂತು, ಸೋತು, ಆ ದಶಕ ಮುಗಿಯುವ ಹೊತ್ತಿಗೆ ಕರಗಿತು. 1975ರಲ್ಲಿ ಅದರ ಸೆನೆಟ್ ಅಭ್ಯರ್ಥಿಯಾಗಿ ಸೋತವರಲ್ಲಿ ಬಾಬ್ ಬ್ರೌನ್ ಎಂಬ ಯುವ ವೈದ್ಯರೂ ಇದ್ದರು. ಫ್ರಾಂಕ್ಲಿನ್ ನದಿಗೆ ಕಟ್ಟಲು ಹೊರಟ ಅಣೆಕಟ್ಟಿನ ವಿರುದ್ಧದ ಚಳವಳಿಯಲ್ಲಿ ಅವರು ಜೈಲಿಗೆ ಹೋದರು. 1983ರ ಜನವರಿಯಲ್ಲಿ ಬಿಡುಗಡೆಯಾದ ಮರುದಿನವೇ ತೆರವಾದ ಸ್ಥಾನವೊಂದಕ್ಕೆ ರಾಜ್ಯದ ಶಾಸಕರಾದರು. ಆ ಜುಲೈ 1ರಂದು ಹೈಕೋರ್ಟು ನಾಲ್ಕು-ಮೂರರ ತೀರ್ಪಿನಿಂದ ಫ್ರಾಂಕ್ಲಿನ್ ಅಣೆಕಟ್ಟನ್ನು ತಡೆಯಿತು. 1989ರಲ್ಲಿ ರಾಜ್ಯದ ವಿಧಾನಸಭೆಗೆ ಹಸಿರಿನವರು ಐವರು ಗೆದ್ದರು.

ಆಮೇಲಿನ ಲೆಕ್ಕವೂ ನೋಡುವಂಥದ್ದೇ. 1996ರಲ್ಲಿ ಟಾಸ್ಮೇನಿಯಾದ ಹಸಿರು ಪಕ್ಷಕ್ಕೆ ನೂರಕ್ಕೆ ಹನ್ನೊಂದು ಮತ, ನಾಲ್ಕು ಸ್ಥಾನ. 1998ರಲ್ಲಿ ದೊಡ್ಡ ಪಕ್ಷಗಳೆರಡೂ ಸೇರಿ ಸಭೆಯನ್ನು 35ರಿಂದ 25ಕ್ಕೆ ಇಳಿಸಿದವು. ಆ ವರ್ಷ ನೂರಕ್ಕೆ ಹತ್ತು ಮತ, ಒಂದೇ ಸ್ಥಾನ. ಮತದಾರ ಹೆಚ್ಚುಕಡಿಮೆ ಇದ್ದಲ್ಲೇ ಇದ್ದ, ಅಳತೆಗೋಲು ಬದಲಾಗಿತ್ತು. 2010ರಲ್ಲಿ ಐದು ಸ್ಥಾನ, ಮಂತ್ರಿಗಿರಿ. 2014ರಲ್ಲಿ ಮೂರು, 2018ರಲ್ಲಿ ಎರಡು. 2024ರಲ್ಲಿ ಸಭೆ ಮತ್ತೆ 35ಕ್ಕೆ ಏರಿದಾಗ ಮತ್ತೆ ಐದು. ನೆರೆಯ ನ್ಯೂಜಿಲೆಂಡಿನಲ್ಲಿ ಅದೇ 1972ರಲ್ಲಿ ಹುಟ್ಟಿದ ಹಸಿರು ಪಕ್ಷವಾದ ವ್ಯಾಲ್ಯೂಸ್ ಪಾರ್ಟಿಗೆ 1975ರಲ್ಲಿ ನೂರಕ್ಕೆ ಐದು ಮತ ಬಿದ್ದರೂ ಸ್ಥಾನವಿಲ್ಲ. ಬ್ರಿಟನ್ನಿನ ಹಸಿರಿನವರಿಗೆ 1989ರ ಯುರೋಪಿಯನ್ ಚುನಾವಣೆಯಲ್ಲಿ ಸುಮಾರು ಹದಿನೈದು, ಅವರಿಗೂ ಸ್ಥಾನವಿಲ್ಲ.

ಇಲ್ಲಿ ನಮ್ಮ ಶರಣರ ಸ್ಥಾವರ-ಜಂಗಮದ ವಿವೇಕ ಯಾರಿಗಾದರೂ ನೆನಪಾಗುತ್ತದೆ. ಪಕ್ಷವೆಂಬ ಮೈ ಬಿದ್ದಿತು, ಅದರೊಳಗಿನ ಚಲನೆ ಇನ್ನೊಂದು ಮೈ ಹೊಕ್ಕಿತು, ಪೆಡ್ಡರ್ ಹೋದರೂ ಫ್ರಾಂಕ್ಲಿನ್ ಉಳಿಯಿತು ಎಂದು ಕಥೆ ಮುಗಿಸಿದರೆ ಮನಸ್ಸಿಗೆ ಹಿತ. ಬಹಳ ಜನ ಹಾಗೆಯೇ ಮುಗಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪಕ್ಷಕ್ಕೆ ಮರುಹುಟ್ಟು ಉಂಟು, ಏಕೆಂದರೆ ಅದು ಮನುಷ್ಯರ ನಡುವಿನ ಒಪ್ಪಂದ. ನಾಳೆ ಹತ್ತು ಜನ ಸೇರಿದರೆ ಮತ್ತೆ ಆದೀತು. ಪೆಡ್ಡರಿನ ಮರಳಿನಲ್ಲಿ ಒಂದು ಎರೆಹುಳು ಇತ್ತು. 1971ರಲ್ಲಿ ವಿಜ್ಞಾನಿಗಳ ಕೈಗೆ ಅದರ ಒಂದೇ ಒಂದು ಮಾದರಿ ಸಿಕ್ಕಿತು. ಬೇರೆಲ್ಲೂ, ಆಮೇಲೆಂದೂ ಅದು ಕಂಡಿಲ್ಲ. ನಿರ್ವಂಶವಾಯಿತೆಂದು ಈಗ ಪಟ್ಟಿಯಲ್ಲಿ ಸೇರಿದೆ. ಪೆಡ್ಡರ್ ಗ್ಯಾಲಾಕ್ಸಿಯಸ್ ಎಂಬ ಪುಟ್ಟ ಮೀನು, ಜಲಾಶಯಕ್ಕೆ ನುಗ್ಗಿದ ಟ್ರೌಟ್ ಮೀನುಗಳ ಎದುರು ತಾಳಲಾರದೆ ತನ್ನ ನೀರಿನಿಂದ ಮಾಯವಾಯಿತು. ಕೊನೆಗಳಿಗೆಯಲ್ಲಿ ಹಿಡಿದು ಬೆಟ್ಟದ ಮೇಲಿನ ಒಬೆರಾನ್ ಸರೋವರಕ್ಕೆ ಬಿಟ್ಟದ್ದರಿಂದ ಅದರ ಕುಲ ಉಳಿದಿದೆ. ಆ ಎರೆಹುಳುವಿಗೆ ಫ್ರಾಂಕ್ಲಿನ್ ಗೆಲುವಿನಿಂದ ಆದದ್ದೇನು? ಮನುಷ್ಯರ ಮುಂದುವರಿಕೆಯನ್ನು ತೋರಿಸಿ ಜೀವಜಾತಿಯೊಂದರ ಕೊನೆಯನ್ನು ಮರೆಸುವುದು ನ್ಯಾಯವಲ್ಲ. ಈ ಎರಡು ಅಳಿವುಗಳಿಗೆ ಒಂದೇ ತೂಕ ಹಾಕಲು ನನ್ನಿಂದ ಆಗದು.

ನಮ್ಮಲ್ಲೂ ಮತಪೆಟ್ಟಿಗೆಯ ಮುಂದೆ ಕಾಡಿನ ಪರ ನಿಂತವರಿದ್ದಾರೆ. ಶಿವರಾಮ ಕಾರಂತರು 1989ರಲ್ಲಿ, 87ರ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಸ್ಥಾವರ ಆಯಿತು, ನಡೆಯುತ್ತಲೂ ಇದೆ. ಗೆಲ್ಲುವ ಲೆಕ್ಕ ಹಾಕಿ ಆ ವಯಸ್ಸಿನಲ್ಲಿ ಯಾರೂ ಊರೂರು ಸುತ್ತುವುದಿಲ್ಲ. ಜನ ಬೇಡವೆಂದದ್ದು ಲೆಕ್ಕಕ್ಕೆ ಸೇರಲಿ ಎಂಬುದೇ ದೊಡ್ಡದೆಂದು ಅವರಿಗೆ ಕಂಡಿರಬೇಕು ಎಂದು ನಾನು ಭಾವಿಸುತ್ತೇನೆ.

ಇನ್ನು ಅಣೆಕಟ್ಟು. ಅದರ ಶಾಶ್ವತತೆಯನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ. ಶರಾವತಿಯ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿ ಇಪ್ಪತ್ತು ವರ್ಷ ತುಂಬುವ ಮೊದಲೇ 1964ರಲ್ಲಿ ಲಿಂಗನಮಕ್ಕಿಯ ಹಿನ್ನೀರು ಅದನ್ನು ನುಂಗಿತು. ಬರದ ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದು ಮೇಲೆ ಕಾಣುತ್ತದೆ. ಪೆಡ್ಡರನ್ನು ಮುಳುಗಿಸಿದ ಮೂರರಲ್ಲಿ ಎಡ್ಗರ್ ಅಣೆಕಟ್ಟು ನಿಂತಿರುವುದು ಭೂಬಿರುಕಿನ ಪಕ್ಕದಲ್ಲಿ. ಭೂಕಂಪವಾದರೆ ತಾಳಲಿ ಎಂದು ಅದನ್ನು ಬಲಪಡಿಸುವ ಯೋಜನೆ ಹಳೆಯ ಕಮಿಷನ್ನಿನ ಈಗಿನ ರೂಪವಾದ ಹೈಡ್ರೊ ಟಾಸ್ಮೇನಿಯಾದ ಮುಂದಿದೆ. ಅತ್ತ ನೀರಿನಡಿಯ ಮರಳು? ತೊಂಬತ್ತರ ದಶಕದಲ್ಲಿ ಮುಳುಗುಗಾರರು ಕೆಳಗಿಳಿದು ನೋಡಿದರೆ ಆ ತೀರ ಕೆಲವೇ ಮಿಲಿಮೀಟರ್ ಹೂಳಿನ ಕೆಳಗೆ ಹಾಗೆಯೇ ಇತ್ತು. ನೀರು ಬಿಟ್ಟರೆ ಸರೋವರವನ್ನು ಮರಳಿ ಪಡೆಯುವುದು ತಾಂತ್ರಿಕವಾಗಿ ಸಾಧ್ಯವೆಂದು 1995ರಲ್ಲಿ ಕೇಂದ್ರ ಸಂಸತ್ತಿನ ಸಮಿತಿಯೂ ಒಪ್ಪಿತು, ಹಾಗೆ ಮಾಡಿ ಎಂದು ಮಾತ್ರ ಹೇಳಲಿಲ್ಲ.

ಪೆಡ್ಡರನ್ನು ಮರಳಿ ಪಡೆಯಬೇಕೆನ್ನುವವರು ಈಗ ಕೇಳುತ್ತಿರುವುದು ಇಷ್ಟು: ಹಳೆಯ ಕಟ್ಟೆಯನ್ನು ಗಟ್ಟಿ ಮಾಡಲು ಹಣ ಸುರಿಯುವ ಮೊದಲು, ಅದು ಇನ್ನೂ ಬೇಕೇ ಎಂದು ಯೋಚಿಸಿ. ಐವತ್ತು ವರ್ಷದಲ್ಲಿ ಈ ಜಲಾಶಯವೂ ಒಂದು ಬದುಕನ್ನು ಕಟ್ಟಿಕೊಂಡಿದೆ, ಅದರ ಮೀನುಗಾರರಿದ್ದಾರೆ, ಬರಿದಾದ ನೆಲ ಹಸಿರಾಗಲು ಹಲವು ದಶಕ ಬೇಕು, ವಿದ್ಯುತ್ತಿನ ಒಂದು ಪಾಲೂ ಹೋಗುತ್ತದೆ. ಇವೆಲ್ಲ ನಿಜವಾದ ಆಕ್ಷೇಪಣೆಗಳೇ. ಆದರೂ ನನ್ನ ಮತ ನೀರು ಬಿಡುವುದಕ್ಕೆ. ಎರೆಹುಳು ಬಾರದು, ಟ್ರುಚಾನಸ್ ಕಂಡ ದಡ ಹಾಗೆಯೇ ಸಿಗಲಿಕ್ಕಿಲ್ಲ. ಒಬೆರಾನಿನಲ್ಲಿ ಬಾಡಿಗೆಗಿರುವ ಆ ಮೀನಿಗೆ, ಟ್ರೌಟನ್ನು ದೂರವಿಡುವ ಕೆಲಸವನ್ನೂ ಜೊತೆಗೇ ಮಾಡಿದರೆ, ಹಿಂದಿರುಗಲು ಒಂದು ಮನೆಯಾದರೂ ಇದ್ದೀತು.