ಅಜ್ಜನ ಕಳ್ಳು, ಅಳಿಯನ ಬಿಯರು

ಮದ್ಯ ಮಾಡುವುದು ತಪ್ಪೋ, ಕುಡಿಯುವುದು ತಪ್ಪೋ? ಮುಂಬಯಿಯ ಬಿಲ್ಲವರ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಗೋಡೆಯ ಮೇಲೇ ಇರುತ್ತದೆ, ನಾರಾಯಣ ಗುರುಗಳ ಪಟದಲ್ಲಿ. ಮಾಡಬಾರದು, ಕೊಡಬಾರದು, ಕುಡಿಯಬಾರದು ಎಂದವರು ಅವರು. ಮೂರರಲ್ಲಿ ಮಾಡುವುದನ್ನೇ ಮೊದಲಿಗೆ ಯಾಕೆ ತಂದರು ಅಂತ ನಾನು ಇತ್ತೀಚೆಗೆ ಬಹಳ ಯೋಚಿಸಿದ್ದೇನೆ.

ಕಾರಣ ನನ್ನ ಅಕ್ಕನ ಮಗ. ಐರೋಲಿಯ ಕಂಪೆನಿಯೊಂದರಲ್ಲಿ ಇಂಜಿನಿಯರು. ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಅವನು ಬಿಯರು ಮಾಡಲು ಹೊರಟ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ತರಿತರಿಯಾಗಿ ಪುಡಿಮಾಡಿ, ಸುಮಾರು 66 ಡಿಗ್ರಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಹಿಟ್ಟಿನಂಶ ಸಕ್ಕರೆಯಾಗುತ್ತದೆ. ಸೋಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ ಇನ್ನೊಂದು ಗಂಟೆ ಕುದಿಸಿ, ಆರಿಸಿ, ಯೀಸ್ಟು ಹಾಕಬೇಕು. ಇವನು ತಂದ ಯೀಸ್ಟಿಗೆ 20 ಡಿಗ್ರಿಯ ಆಸುಪಾಸು ಹಿತ. ಮೇ ತಿಂಗಳ ಡೊಂಬಿವಲಿಯಲ್ಲಿ ಅದೆಲ್ಲಿಂದ ಬರಬೇಕು? ಬಕೆಟ್ಟನ್ನು ಟಬ್ಬಿನ ನೀರಿನಲ್ಲಿಟ್ಟು, ಒದ್ದೆ ಬಟ್ಟೆ ಸುತ್ತಿ, ಬೆಳಿಗ್ಗೆ ಸಂಜೆ ಮಂಜುಗಡ್ಡೆಯ ಬಾಟಲಿ ಬದಲಿಸುತ್ತಿದ್ದ. ಬಾಣಂತಿ ಮನೆಯ ಆರೈಕೆಯೂ ಇಷ್ಟಿರುವುದಿಲ್ಲ ಬಿಡಿ!

"ಮಾಮ, ಅಜ್ಜ ಮಾಡಿದ್ದೂ ಇದೇ ಅಲ್ವಾ?" ಅಂದ.

ಅಜ್ಜ ಮೂರ್ತೆದಾರ. ಅವರಿಗೆ ಯೀಸ್ಟು ಕೊಳ್ಳುವ ಕೆಲಸವಿರಲಿಲ್ಲ; ಗಾಳಿಯಲ್ಲಿ, ಮಡಕೆಯ ತಳದಲ್ಲಿ ಅದು ಇದ್ದೇ ಇರುತ್ತಿತ್ತು. ಮಡಕೆಗೆ ಸುಣ್ಣ ಬಳಿದರೆ ರಸ ಸಿಹಿಯಾಗಿ ಉಳಿಯುತ್ತದೆ, ಬಳಿಯದಿದ್ದರೆ ಸಂಜೆಯೊಳಗೆ ಕಳ್ಳು. ಆ ಕೈಚಳಕ ದೊಡ್ಡದೇ. ಆದರೆ ಅದನ್ನು ಅವರು ಆರಿಸಿಕೊಂಡದ್ದಲ್ಲ, ಹುಟ್ಟಿನೊಂದಿಗೆ ಬಂದದ್ದು. ಕಳ್ಳು ಕೊರಗಜ್ಜನಿಗೆ ಬೇಕು, ಊರಿನವರಿಗೆ ಬೇಕು. ಇಳಿಸಿದವನು ಮಾತ್ರ ದೇವಸ್ಥಾನದ ಹೊರಗೆ ನಿಲ್ಲಬೇಕು. 1912ರಲ್ಲಿ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ್ದು ಇಂಥವರಿಗಾಗಿ. ಅಜ್ಜ ತನ್ನ ಮಗನನ್ನು ಮರ ಹತ್ತಲು ಬಿಡದೆ ಮುಂಬಯಿಗೆ ಕಳಿಸಿದರು. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ, ರಾತ್ರಿ ಶಾಲೆ. ನಮ್ಮವರು ಇಲ್ಲಿ 1932ರಲ್ಲಿ ಬಿಲ್ಲವರ ಅಸೋಸಿಯೇಶನ್ ಕಟ್ಟಿದ್ದು, 1978ರಲ್ಲಿ ಭಾರತ್ ಬ್ಯಾಂಕ್ ತೆರೆದದ್ದು, ಎಲ್ಲವೂ ಮರದಿಂದ ಕೆಳಗಿಳಿದ ಮೇಲಿನ ಕಥೆ.

ಹಾಗಾಗಿ ಅಳಿಯನ ಬಕೆಟ್ಟಿಗೂ ಅಜ್ಜನ ಮಡಕೆಗೂ ರಸಾಯನಶಾಸ್ತ್ರ ಒಂದೇ ಇರಬಹುದು, ನ್ಯಾಯ ಒಂದೇ ಅಲ್ಲ. ಯಾರೂ ಇವನ ಮೇಲೆ ಹೊರಿಸದ ಕೆಲಸ ಇದು. ಬೇಡವೆನ್ನುವ ಸ್ವಾತಂತ್ರ್ಯ ಇದ್ದವನಿಗೆ ಅದು ಹವ್ಯಾಸ. ಇವನ ಗೆಳೆಯರು ಭೇಷ್ ಅಂದರು. ಅಜ್ಜನಿಗೆ ಯಾರಾದರೂ ಅಂದಿದ್ದರೇ?

ಕಾನೂನಿನ ಮಾತೂ ಇದೆ. ಮುಂಬಯಿಯ 1949ರ ಪಾನನಿಷೇಧ ಕಾಯಿದೆ ಹೆಸರು ಬದಲಿಸಿಕೊಂಡು ಇಂದಿಗೂ ಇದೆ. ಪರವಾನಗಿ ಇಲ್ಲದೆ ಒಂದು ಬಕೆಟ್ಟು ಮಾಡಿದರೂ ಅಪರಾಧವೇ. ಅದನ್ನು ಹೇಳಿದೆ. "ಮಾರುವುದಿಲ್ಲವಲ್ಲ, ಏನು ಹಾಕಿದ್ದೇನೆ ಅಂತ ನನಗೆ ಗೊತ್ತುಂಟು" ಅಂದ. ಮಾತಿನಲ್ಲಿ ಹುರುಳಿದೆ. 2015ರಲ್ಲಿ ಮಲಾಡಿನ ಮಾಲ್ವಣಿಯಲ್ಲಿ ನೂರಕ್ಕೂ ಹೆಚ್ಚು ಬಡವರು ಸತ್ತದ್ದು ಹುಳಿಬಂದ ಧಾನ್ಯದಿಂದಲ್ಲ, ಮಾರುವವರು ಬೆರೆಸಿದ ಮೆಥನಾಲಿನಿಂದ. ಆದರೂ ಕಾಯಿದೆ ಅವನ ಒಳ್ಳೆಯತನವನ್ನು ವಿಚಾರಿಸುವುದಿಲ್ಲ.

ನನಗೆ ಕಾಯಿದೆಗಿಂತ ಕಠಿಣವಾಗಿ ಕಂಡದ್ದು ಅಕ್ಕನ ಮೌನ. ಭಾವ ಕುಡಿದು ಕುಡಿದೇ ನಲವತ್ತೆಂಟಕ್ಕೆ ಹೋದವರು. ಅವರು ಕುಡಿದದ್ದು ಪರ್ಮಿಟ್ ಇದ್ದ ಬಾರುಗಳಲ್ಲೇ, ಕಾನೂನಿನ ಪ್ರಕಾರವೇ. ಆ ವಾಸನೆ ಹತ್ತು ವರ್ಷದ ಮೇಲೆ ಅಕ್ಕನ ಅಡುಗೆಮನೆಗೆ, ದೋಸೆಹಿಟ್ಟು ಹುಳಿಬರುವ ಅದೇ ಕಟ್ಟೆಗೆ ಬಂತು. ಏರ್‌ಲಾಕಿನಲ್ಲಿ ರಾತ್ರಿಯಿಡೀ ಗುಳುಗುಳು. "ನನಗೆ ನಿದ್ದೆ ಬರುವುದಿಲ್ಲ ಮಾರಾಯ" ಅಂತ ನನಗೆ ಫೋನು ಮಾಡಿದಳೇ ಹೊರತು ಮಗನಿಗೆ ಹೇಳಲಿಲ್ಲ. ತಾಯಂದಿರು ಹೇಳುವುದಿಲ್ಲ. ಊರಿನ ದೊಡ್ಡ ಮನೆಯಾದರೆ ಕೊಟ್ಟಿಗೆಯ ಮೂಲೆಯಲ್ಲಿ ಏನನ್ನಾದರೂ ಮುಚ್ಚಿಡಬಹುದು. ಇಲ್ಲಿ ಒಬ್ಬನ ಹವ್ಯಾಸ ಇನ್ನೊಬ್ಬರ ತಲೆದಿಂಬಿನ ಪಕ್ಕದಲ್ಲೇ ಇರುತ್ತದೆ. ಇಂಥ ಮನೆಯಲ್ಲಿ "ನನ್ನಿಷ್ಟ" ಅನ್ನುವ ಮಾತಿಗೆ ಜಾಗ ಕಡಿಮೆ.

ನಾನು ಅವನಿಗೆ ಗುರುಗಳನ್ನೂ ಹೇಳಲಿಲ್ಲ, ಪೊಲೀಸರನ್ನೂ ಹೇಳಲಿಲ್ಲ. ಅಮ್ಮ ಮಲಗುತ್ತಿಲ್ಲ ಅಂದೆ, ಅಷ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಕೆಟ್ಟನ್ನು ಮೋರಿಗೆ ಬಗ್ಗಿಸಿದ. ಹದಿನೈದು ಲೀಟರ್. ಒಂದು ಲೋಟವಾದರೂ ರುಚಿ ನೋಡಬೇಕಿತ್ತು ಅಂತ ನನಗೆ ಅನ್ನಿಸದೆ ಇರಲಿಲ್ಲ.

ಯೀಸ್ಟಿನ ಒಂದು ಪೊಟ್ಟಣ ಫ್ರಿಜ್ಜಿನಲ್ಲಿ ಉಳಿದಿತ್ತು. ಊರಲ್ಲಿ ಅಮ್ಮ ಹಿಟ್ಟಿಗೆ ಕಳ್ಳು ಬೆರೆಸಿ ಇಡ್ಲಿ ಉಬ್ಬಿಸುತ್ತಿದ್ದಳಲ್ಲ, ಇದರಲ್ಲೂ ಉಬ್ಬುತ್ತದಾ ಅಂತ ಅಕ್ಕ ಮೊನ್ನೆ ಕೇಳುತ್ತಿದ್ದಳು.