ಹಾಸಿಗೆ ಯಾರದು, ವಾಸನೆ ಯಾರದು?

ಮೆತ್ತನೆಯ ಪ್ಲಶ್ ನಾಯಿ ಹಾಸಿಗೆಯ ಅಂಚಿಗೆ ಒಂದು ಪುಟ್ಟ ಚೀಟಿ ಹೊಲಿದಿರುತ್ತದೆ. ತಣ್ಣೀರಿನಲ್ಲಿ ಒಗೆಯಿರಿ, 30 ಡಿಗ್ರಿ ಮೀರಬೇಡಿ, ಹಿಂಡಬೇಡಿ, ಇಸ್ತ್ರಿ ಬೇಡ. ಹಾಸಿಗೆ ಹಾಳಾಗದಿರಲು ಏನು ಬೇಕೋ ಅದೆಲ್ಲ ಅದರಲ್ಲಿದೆ. ಅದರ ಮೇಲೆ ಮಲಗುವ ನಾಯಿಯ ಬಗ್ಗೆ ಮಾತ್ರ ಒಂದಕ್ಷರವೂ ಇಲ್ಲ.

ಚೀಟಿ ಹೇಳುವುದು ಸುಳ್ಳಲ್ಲ. ಪ್ಲಶ್ ಅಂದ್ರೆ ಬಹುಪಾಲು ಪಾಲಿಯೆಸ್ಟರ್. ಬಿಸಿ ಹೆಚ್ಚಾದರೆ ಆ ನವಿರು ಎಳೆಗಳು ಸುರುಟಿ ಗಡುಸಾಗುತ್ತವೆ. ಆಮೇಲೆ ಎಷ್ಟು ಬಾಚಿದರೂ ಮೊದಲಿನಂತಾಗಲ್ಲ. ಹಾಗಾಗಿ ನೀರು ಮುಟ್ಟಿಸುವ ಮೊದಲೇ ಕೂದಲನ್ನೆಲ್ಲ ಬ್ರಷ್ ಮಾಡಿ ತೆಗೀಬೇಕು. ಕವರ್ ಬಿಚ್ಚಿ, ಜಿಪ್ ಹಾಕಿ, ಒಳಮಗ್ಗುಲು ಹೊರಗೆ ತಿರುಗಿಸಿ, ಸ್ವಲ್ಪವೇ ಲಿಕ್ವಿಡ್ ಸೋಪಿನಲ್ಲಿ ಮೆಲ್ಲಗೆ ಒಗೆದು, ಸೋಪು ಉಳಿಯದಂತೆ ಇನ್ನೊಂದು ಸಲ ಜಾಲಿಸಬೇಕು. ಒಳಗಿನ ಫೋಮನ್ನು ಹಿಂಡಿದರೆ ಹರಿಯುತ್ತದೆ. ಟವೆಲ್ ಸುತ್ತಿ ಒತ್ತಿ ಒತ್ತಿ ನೀರು ತೆಗೆಯುವುದೊಂದೇ ದಾರಿ.

ಬೆಂಗಳೂರಿನ ಬಾಲ್ಕನಿಗೆ ಇಷ್ಟು ಸಾಕು. ಉಪ್ಪುಂದಕ್ಕೆ ಸಾಲದು. ವರ್ಕ್ ಫ್ರಂ ಹೋಮ್ ಸಿಕ್ಕಿತು ಅಂತ ಲ್ಯಾಪ್‌ಟಾಪ್, ನಾಯಿ, ನಾಯಿಯ ಹಾಸಿಗೆ ಎಲ್ಲ ಕಾರಿಗೆ ಹಾಕ್ಕೊಂಡು ಜೂನ್‌ನಲ್ಲಿ ಊರಿಗೆ ಬರುವವರಿಗೆ ಇದು ಮೊದಲ ವಾರದಲ್ಲೇ ಗೊತ್ತಾಗುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಕರಾವಳಿ ಇದು. ಹೆಚ್ಚಿನದೆಲ್ಲ ಸೆಪ್ಟೆಂಬರ್ ಒಳಗೇ ಬಿದ್ದು ಮುಗಿಯುತ್ತದೆ. ಪಕ್ಕದಲ್ಲೇ ಕಡಲು, ಗಾಳಿಯಲ್ಲಿ ಸದಾ ಪಸೆ. ಒದ್ದೆ ಫೋಮು ಎರಡು ದಿನಕ್ಕೂ ಒಣಗದೆ ಹುಳಿ ವಾಸನೆ ಹಿಡಿದು, ಒಳಗೊಳಗೇ ಬೂಸ್ಟು ಬೆಳೆಸಿಕೊಳ್ಳುತ್ತದೆ. ಅರ್ಧ ಒಣಗಿದ ಹಾಸಿಗೆಗಿಂತ ತೊಳೆಯದ ಹಾಸಿಗೆಯೇ ವಾಸಿ. ಮಳೆಗಾಲದ ಬಟ್ಟೆಗೆ ಇಲ್ಲಿನ ಹಳೇ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗವಿತ್ತು. ಸೀರೆ, ಪಂಚೆ ಹೊಗೆ ವಾಸನೆಯ ಸಮೇತ ಒಣಗುತ್ತಿದ್ದವು. ಪಾಲಿಯೆಸ್ಟರನ್ನು ಅಲ್ಲಿ ನೇತುಹಾಕುವ ಧೈರ್ಯ ಯಾರಿಗಿದೆ!

“ನಾಯಿಗ್ ಎಂಥಕ್ ಹಾಸ್ಗಿ ಮರಾಯಾ, ಒಂದ್ ಗೋಣಿ ಸಾಕಲ್ದಾ?” ಅಂತ ಅಮ್ಮಮ್ಮಂದಿರು ಕೇಳುವುದು ಇಲ್ಲೇ. ನಮಗದು ಕ್ರೌರ್ಯದ ಹಾಗೆ ಕೇಳಿಸುತ್ತದೆ. ಆದರೆ ಗೋಣಿ ಬೇಗ ಒಣಗುತ್ತದೆ, ಹಾಳಾದರೆ ಇನ್ನೊಂದು ಸಿಗುತ್ತದೆ. ಬೆಚ್ಚಗೆ ಬೇಕಾದಾಗ ಒಲೆಯ ಬೂದಿ ಹುಡುಕಿಕೊಳ್ಳುವ ಸ್ವಾತಂತ್ರ್ಯವೂ ಆ ನಾಯಿಗಿತ್ತು. ಕೀಲುನೋವಿನ ಮುದಿ ನಾಯಿಗೆ ದಪ್ಪ ಫೋಮು ಬೇಕೇ ಬೇಕು, ಅಲ್ಲಿ ಅಮ್ಮಮ್ಮನ ಮಾತು ನಡೆಯಲ್ಲ. ಫೋಮಿನ ಮೇಲಿನ ಆ ಕೆನೆಬಣ್ಣದ ಪ್ಲಶ್ ಇದೆಯಲ್ಲ, ಅದನ್ನು ನಾಯಿ ಕೇಳಿತ್ತಾ?

ತೊಳೆಯುವುದೂ ಹಾಗೇ. ನಾಯಿಗೋಸ್ಕರ ಅಂತೀವಿ, ಬಹಳ ಸಲ ಅದು ಮನೆಗೆ ಬರುವ ನೆಂಟರ ಮೂಗಿಗೋಸ್ಕರ. ಯಾಕೋಬ್ ಫಾನ್ ಉಕ್ಸ್‌ಕ್ಯೂಲ್ ಎಂಬ ಜೀವವಿಜ್ಞಾನಿ 1934ರಲ್ಲಿ ಒಂದು ಪುಸ್ತಕ ಬರೆದ. ಒಂದೇ ಕೋಣೆಯಲ್ಲಿದ್ದರೂ ನೊಣದ ಕೋಣೆ, ನಾಯಿಯ ಕೋಣೆ, ಮನುಷ್ಯನ ಕೋಣೆ ಬೇರೆ ಬೇರೆ ಅನ್ನುವುದು ಅವನ ವಾದ. ನಾಯಿಯ ಕೋಣೆ ಬಹುಪಾಲು ವಾಸನೆಯಿಂದ ಕಟ್ಟಿದ್ದು. ನಾವು ‘ನಾತ’ ಅನ್ನುವುದರಲ್ಲಿ ಅದಕ್ಕೆ ತನ್ನ ಮೈ, ನಿನ್ನೆಯ ದಿನ, ಮನೆಯವರು ಎಲ್ಲ ಇದ್ದಾರೆ. ಅದರ ಮೇಲೆ ಲ್ಯಾವೆಂಡರ್ ಸುರಿದು ‘ಫ್ರೆಶ್’ ಅಂತೀವಿ. ಕಣ್ಣಿಗೆ ಪೊರೆ ಬಂದ ನಾಯಿಗೆ ಇದು ರಾತ್ರೋರಾತ್ರಿ ಮನೆ ಬದಲಿಸಿದ ಹಾಗೆ.

ಮಡಿ-ಮೈಲಿಗೆ ಬಿಟ್ಟು ಬಂದವರು ನಾವು ಅಂದ್ಕೊಂಡಿದ್ದೇವೆ. ನಾಯಿಯನ್ನು ಒಳಗೆ ಬಿಟ್ಟುಕೊಂಡಿದ್ದೂ ನಿಜ, ಆದರೆ ಒಂದು ಷರತ್ತಿನ ಮೇಲೆ: ಅದು ನಾಯಿಯ ಹಾಗೆ ನಾರಬಾರದು. ಮಹಾಪ್ರಸ್ಥಾನದ ಕತೆಯಲ್ಲಿ ಇಂದ್ರನ ತಕರಾರೂ ಇದೇ ತಾನೇ? ನಾಯಿ ಕಟ್ಟಿಕೊಂಡವರಿಗೆ ಸ್ವರ್ಗದಲ್ಲಿ ಜಾಗ ಇಲ್ಲ ಅಂತಾನೆ, ಥೇಟ್ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೆಕ್ರೆಟರಿ ಥರ. ಸ್ನಾನ ಮಾಡಿಸಿ ಕರ್ಕೊಂಡು ಬರ್ತೀನಿ ಅಂತ ಧರ್ಮರಾಯ ಚೌಕಾಸಿ ಮಾಡಲಿಲ್ಲ.

ಹಾಗಂತ ತೊಳೆಯದೇ ಬಿಡಿ ಅನ್ನುತ್ತಿಲ್ಲ. ಚಿಗಟದ ಮೊಟ್ಟೆ ನಾಯಿಯ ಮೈಯಿಂದ ಉದುರಿ ಅದು ಮಲಗುವ ಜಾಗದಲ್ಲೇ ಸೇರಿಕೊಳ್ಳುತ್ತದೆ. ಅದನ್ನು ಕೊಲ್ಲಲು 60 ಡಿಗ್ರಿ ನೀರು ಬೇಕು, ಚೀಟಿಯ ಪ್ರಕಾರ 30 ದಾಟಬಾರದು. ಈಗ ಯಾರ ಮಾತು ಕೇಳ್ತೀರಿ? ನನಗೆ ಇಲ್ಲಿ ಗೊಂದಲವೇ ಇಲ್ಲ. ಪ್ಲಶ್ ಸುರುಟಿದರೆ ಸುರುಟಲಿ, ನಾಯಿ ಕೆರೆದುಕೊಳ್ಳುವುದು ನಿಲ್ಲಲಿ. ಉಚ್ಚೆ ಹೊಯ್ದಿದ್ದರೂ ತೊಳೆಯಲೇಬೇಕು. ಅದಕ್ಕೆ ಬ್ಲೀಚ್ ಮಾತ್ರ ಸುರಿಯಬೇಡಿ, ಉಚ್ಚೆಯ ಅಮೋನಿಯಾ ಜೊತೆ ಸೇರಿ ವಿಷಾನಿಲ ಏಳುತ್ತದೆ. ಎಂಜೈಮ್ ಇರುವ ಡಿಟರ್ಜೆಂಟ್ ಒಳ್ಳೆಯದು.

ಇನ್ನೊಂದು ಮಾತು. ನಾಯಿಯನ್ನು ‘ನಮ್ಮ ಮಗು’ ಅನ್ನುವ ಎಷ್ಟೋ ಮನೆಗಳಲ್ಲಿ ಈ ಹಾಸಿಗೆ ಉಜ್ಜುವುದು ಮನೆಕೆಲಸಕ್ಕೆ ಬರುವ ಅಕ್ಕ. ಆಕೆಯನ್ನು ಒಂದು ಮಾತು ಕೇಳಿದ್ದೀವಾ? ಆಗಲ್ಲ ಅನ್ನುವ ಅವಕಾಶ ಆಕೆಗಿದೆಯಾ? ಫೋಟೋ ನಮ್ಮದು, ಉಚ್ಚೆ ಆಕೆಯದು ಅನ್ನುವ ಪ್ರೀತಿ ನನಗೆ ಅರ್ಥವಾಗಲ್ಲ. ಬಕೆಟ್ ಮುಂದೆ ನಾವೇ ಕೂತರೆ ಎಷ್ಟು ಸಲ ತೊಳೆಯಬೇಕು ಅನ್ನುವ ಲೆಕ್ಕವೂ ತಾನಾಗಿ ಸರಿಹೋಗುತ್ತದೆ.

ಮಳೆಗಾಲಕ್ಕೆ ಪ್ಲಶ್ ಕವರನ್ನು ಅಟ್ಟಕ್ಕೆ ಹಾಕಿ. ಫೋಮಿಗೆ ನೀರಿಳಿಯದ ಹೊದಿಕೆ, ಅದರ ಮೇಲೆ ಹಳೇ ಹತ್ತಿ ಸೀರೆ ನಾಲ್ಕು ಮಡಿಕೆ. ಸೀರೆ ಫ್ಯಾನಿನ ಕೆಳಗೂ ಒಣಗುತ್ತದೆ. ಒಗೆದ ದಿನ, ನಾಯಿ ಮಲಗಿದ್ದ ಟವೆಲ್ ಒಂದನ್ನು ತೊಳೆಯದೆ ಹಾಗೇ ಮೇಲೆ ಹಾಸಿಬಿಡಿ. ಮೂಸುತ್ತದೆ, ಎರಡು ಮೂರು ಸುತ್ತು ಹೊಡೆಯುತ್ತದೆ, ಮಲಗುತ್ತದೆ. ಮಲಗದಿದ್ದರೆ ಗೋಣಿ ಇದ್ದೇ ಇದೆ.